ಶುದ್ಧ ಅಂತ ಹಾಕಿದ ಸಹಿ

ಮಾರ್ಚ್ 3, ಭಾನುವಾರ, ಮಧ್ಯಾಹ್ನ

ಐದಕ್ಕೆ ಊರ ನೀರಿನ ಪಂಪ್ ಚಾಲೂ, ಎಂಟಕ್ಕೆ ಬಂದ್. ಕೈಯ ಗ್ರೀಸ್ ಪೂರ್ತಿ ಹೋಗಲಿಲ್ಲ, ಹಾಗೇ ಚರ್ಚಿಗೆ ಹೋದೆ. ಪುರಸಭೆ ಅಧ್ಯಕ್ಷರ ಪ್ರಾರ್ಥನೆ — ಹನ್ನೊಂದು ನಿಮಿಷ. ಗಡಿಯಾರ ನೋಡುತ್ತಲೇ ಕೂತಿದ್ದೆ. ಕೆಳಬೀದಿಯ ಜ್ವರದ ಮಕ್ಕಳಿಗಾಗಿ ಕಣ್ಣೀರು ಬೇರೆ. ಅಲ್ಲಿ ಪೈಪು ಒಡೆದು ಚರಂಡಿ ನೀರು ಸೇರುತ್ತಿದೆ ಅಂತ ಹತ್ತು ದಿನದ ಹಿಂದೆಯೇ ಅವರಿಗೆ ಹೇಳಿದ್ದೆ. ಆಗ ಏನಂದರು?

“ಹೊಸ ಡಾಂಬರು ಹಾಕಿದೀವಿ ಮೇಸ್ತ್ರಿ. ಮುಂದಿನ ತಿಂಗಳು ಇಪ್ಪತ್ತಕ್ಕೆ ರಸ್ತೆ ಉದ್ಘಾಟನೆ. ಆಮೇಲೆ ಅಗೆಯೋಣ. ವಾಲ್ವ್ ಮುಟ್ಟಬೇಡಿ, ನೀರು ನಿಂತ್ರೆ ಜನ ಕಾರಣ ಕೇಳ್ತಾರೆ.”

ಥೂ. ಕಪಟಿ.

ಮಾರ್ಚ್ 5, ಸಂಜೆ

ಅಕ್ಕನ ಮೊಮ್ಮಗಳೂ ಆಸ್ಪತ್ರೆ ಸೇರಿದಳು. ಆರು ವರ್ಷ. ಅವರ ಮನೆಯೂ ಕೆಳಬೀದಿಯಲ್ಲೇ. ಮನೆಗೆ ಬಂದು ಅಧ್ಯಕ್ಷರನ್ನು ಬಾಯಿಗೆ ಬಂದಂತೆ ಬೈದೆ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

“ಮುಗೀತಾ? ಪಂಪ್‌ಮನೆ ರಿಜಿಸ್ಟರಲ್ಲಿ ದಿನಾ ‘ನೀರು ಶುದ್ಧ’ ಅಂತ ಸಹಿ ಹಾಕೋರು ಯಾರು?”

“ಹಾಕದಿದ್ರೆ ಕ್ವಾರ್ಟರ್ಸ್ ಬಿಡಿಸ್ತಾರೆ. ನಿಮ್ಮಪ್ಪ ಮನೆ ಕೊಡ್ತಾನಾ?”

“ಅಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು. ಅವರನ್ಯಾಕೆ ಎಬ್ಬಿಸ್ತೀರಿ?”

ಬಾಗಿಲು ದಡಾರನೆ ಹಾಕಿ ಹೊರಗೆ ಬಂದೆ. ಅವಳು ಹೇಳಿದ್ದು ನಿಜ. ಅದಕ್ಕೇ ಕೋಪ.

ಮಾರ್ಚ್ 6, ಬೆಳಿಗ್ಗೆ

ಇವತ್ತೂ ಸಹಿ ಹಾಕಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸುಳ್ಳು ಬರೆಯೋದಕ್ಕೆ ಅಷ್ಟು ಅಕ್ಷರ ಸಾಕಾಯಿತು.

ಮಾರ್ಚ್ 10, ಭಾನುವಾರ, ಸಂಜೆ

ರೊಟ್ಟಿ, ದ್ರಾಕ್ಷಾರಸ ಕೊಡುವ ಮೊದಲು ಪಾದ್ರಿಗಳು ಪ್ರತಿ ಸಲ ಕೇಳುತ್ತಾರೆ — ಸಹೋದರರ ಜೊತೆ ಸರಿಮಾಡಿಕೊಳ್ಳುವುದು ಯಾರಿಗಾದರೂ ಇದೆಯೇ? ಮೂವತ್ತು ವರ್ಷದಲ್ಲಿ ಒಬ್ಬರೂ ಎದ್ದಿಲ್ಲ. ಅದು ಕೆಮ್ಮುವ ಸಮಯ. ಇವತ್ತೂ ಎಲ್ಲ ಕೆಮ್ಮಿದರು.

ನಾನು ಎದ್ದೆ.

“ನನಗಿದೆ. ಕೆಳಬೀದಿಯವರ ಜೊತೆ. ನಿಮ್ಮ ನೀರಿಗೆ ಚರಂಡಿ ಸೇರ್ತಿದೆ. ಗೊತ್ತಿದ್ದೂ ಹದಿನೇಳು ದಿನ ಶುದ್ಧ ಅಂತ ಸಹಿ ಹಾಕಿದೀನಿ. ತಪ್ಪಾಯ್ತು.”

ಮುಂದಿನ ಬೆಂಚಿನಿಂದ ಅಧ್ಯಕ್ಷರು ತಿರುಗಿದರು. “ಮೇಸ್ತ್ರಿ, ಇದು ದೇವರ ಮನೆ. ಕಚೇರಿ ವಿಷಯ ಬೇಡ.”

“ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ? ಆಮೇಲೆ ಅಗೆಯೋಣ ಅಂದೋರು ನೀವು. ನಂದು ಹೇಳಿದೆ. ನಿಮ್ಮದು ನೀವು ಹೇಳಿ.”

ಈಗ ಒಬ್ಬರೂ ಕೆಮ್ಮಲಿಲ್ಲ. ಪಾದ್ರಿಗಳು ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದರು. “ಮೊದಲು ಪೈಪು. ಆಮೇಲೆ ಇದು.”

ಅಕ್ಕ ಎದ್ದು ಬಂದಳು. ಐವತ್ತೆಂಟರ ಮುದುಕ ನಾನು, ನನ್ನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಕೈ ಹಿಡಿದಳು.

“ನಡಿಯೋ, ಎಲ್ಲಿ ಒಡೆದಿದೆ ತೋರ್ಸು.”

ಇಡೀ ಚರ್ಚು ಹಿಂದೆ ಬಂತು. ವಾಲ್ವ್ ಬಂದ್ ಮಾಡಿದೆ. ಹೊಸ ಡಾಂಬರಿಗೆ ಮೊದಲ ಹಾರೆ ಏಟು ನನ್ನದೇ!

ಮಾರ್ಚ್ 12

ನೋಟೀಸು ಬಂತು. ತಿಂಗಳ ಕೊನೆಗೆ ಕೆಲಸವೂ ಇಲ್ಲ, ಕ್ವಾರ್ಟರ್ಸೂ ಇಲ್ಲ. ಕೆಳಬೀದಿಯ ದರ್ಜಿ ಬಂದಿದ್ದ. ಅವನ ಮಗನಿಗೂ ಜ್ವರ. ಬೈಯಲಿ ಅಂತ ತಲೆ ತಗ್ಗಿಸಿ ಕೂತೆ. ಅವನು ನೋಟೀಸು ಓದಿ, ನಾಲ್ಕು ಮಡಿಕೆ ಮಾಡಿ, ನಮ್ಮ ಅಲ್ಲಾಡುವ ಮೇಜಿನ ಕಾಲಡಿ ಇಟ್ಟ.

“ನಮ್ಮ ಮಾಳಿಗೆ ಖಾಲಿ ಇದೆ ಮಾವ. ಮೇಜೂ ತನ್ನಿ.”

ಆಸ್ಪತ್ರೆಯಲ್ಲಿ ಅಕ್ಕನ ಮೊಮ್ಮಗಳು ಎದ್ದು ಕೂತಳಂತೆ.

ಮಾರ್ಚ್ 13, ಸಂಜೆ 5

ಹೊಸ ಪೈಪು ಕೂತಿತು. ಗುಂಡಿಯ ಬಳಿ ಅಧ್ಯಕ್ಷರು ಬಂದು ನಿಂತಿದ್ದರು. ಹನ್ನೊಂದು ನಿಮಿಷ. ಬಾಯಿ ಬಿಡಲಿಲ್ಲ. ಅವರು ನಿಜವಾಗಿ ಪ್ರಾರ್ಥನೆ ಮಾಡಿದ್ದು ಇವತ್ತೇ ಇರಬೇಕು.

ನೀರು ಎರಡು ಸಲ ಪರೀಕ್ಷೆ ಮಾಡಿದೆ. ಸಹಿ ಹಾಕಿದೆ. ಈ ಸಲ ಬರೆದದ್ದು ನಿಜ. ವಾಲ್ವ್ ಬಿಟ್ಟೆ. ಕೆಳಬೀದಿಯಿಂದ ಕೂಗು — “ಬಂತು! ಬಂತು!” ಅಕ್ಕನ ದನಿಯೇ ಎಲ್ಲಕ್ಕಿಂತ ಜೋರು. ಹೋಗಿ ಅವಳ ನಲ್ಲಿಯಿಂದಲೇ ಒಂದು ಲೋಟ ಹಿಡಿದು ಕುಡಿದೆ.