ಒಂದೇ ಗಾಲ್ಫ್ ಕೋರ್ಸ್ ಸಾಕು

ವಸಂತ್ ಕುಂಜ್, ದೆಹಲಿ

ಪೂಜ್ಯ ಭಾವನವರಿಗೆ ಸುಶೀಲಾಳ ನಮಸ್ಕಾರಗಳು.

ನೀವು ಗಾಲ್ಫ್ ಆಡಲು ಮೂರು ದಿನ ಬರುತ್ತೀರೆಂದು ತಿಳಿದಾಗಿನಿಂದ ನಿಮ್ಮ ತಮ್ಮ ಹಿಗ್ಗಿಹೋಗಿದ್ದಾರೆ. "ದಿನಕ್ಕೊಂದು ಹೊಸ ಕೋರ್ಸ್ ಆರಿಸಿಡಮ್ಮ" ಎಂದು ಬರೆದಿದ್ದೀರಿ. ಒಂದೇ ಸಾಕು, ಭಾವ.

ಇವರ ಮರೆವು ಎಷ್ಟು ಹೆಚ್ಚಿದೆಯೆಂದು ಫೋನಿನಲ್ಲಿ ನಿಮಗೆ ತಿಳಿದಿರಲಾರದು. ಹೋದ ಭಾನುವಾರ ಮನೆ ಹತ್ತಿರದ ಕೋರ್ಸ್‌ನಲ್ಲಿ ಬೇರೆಯವರ ಚೆಂಡನ್ನೆತ್ತಿ ಜೇಬಿಗೆ ಹಾಕಿಕೊಂಡರು. "ಅಂಕಲ್, ಯೇ ತೋ ಮೇರೀ ಬಾಲ್ ಹೈ" ಎಂದು ಆಡುತ್ತಿದ್ದ ಹೆಂಗಸು ನಗುತ್ತಲೇ ಕೈಚಾಚಿದಳು. ಇವರು "ಕಳ್ಳಿ" ಎಂದು ಕೂಗಾಡಿದರು. ಪುಣ್ಯಕ್ಕೆ ಕನ್ನಡದಲ್ಲಿ. ನಾನು ಕ್ಷಮೆ ಕೇಳಿ ಕರೆದುಕೊಂಡು ಬಂದೆ. ಕಾರಿನಲ್ಲಿ, "ಯಾಕೆ ಸುಶೀ, ಇವತ್ತು ಆಡೋಲ್ವಾ?" ಎಂದರು.

ಹಾಗಾಗಿ ಮಾನೇಸರ್ ಆಚೆ ಇರುವ ಕೋರ್ಸ್‌ಗೆ ಹೋಗೋಣ. ವಾರದ ದಿನಗಳಲ್ಲಿ ಅಲ್ಲಿ ಜನ ಕಡಿಮೆ. ಮೂರು ದಿನವೂ ಅಲ್ಲೇ ಆಡಿದರೆ ನಿಮಗೆ ಬೇಸರವಾದೀತು, ಇವರಿಗೆ ಪ್ರತಿ ಸಲವೂ ಹೊಸದೇ. ಚೆಂಡು ಎಲ್ಲಿ ಬಿತ್ತೆಂದು ಕೇಳಿದರೆ ತೋರಿಸಿಬಿಡಿ. ಸ್ಕೋರ್ ತಪ್ಪು ಹೇಳಿದರೆ ತಿದ್ದಬೇಡಿ.

ಡಾಕ್ಟರು ಒಂಬತ್ತು ಹೋಲ್ ಸಾಕೆಂದಿದ್ದಾರೆ. ಆದರೂ ಇವರಿಗೆ ಸುಸ್ತಾಗದಿದ್ದರೆ ಹದಿನೆಂಟೂ ಆಡಿಸಿ, ಭಾವ. ಇವರು ರಾತ್ರಿ ಎದ್ದೆದ್ದು ಬಾಗಿಲು ತೆಗೆದು ಹೊರಡುತ್ತಾರೆ. ನಾನು ನೆಟ್ಟಗೆ ನಿದ್ದೆ ಮಾಡಿ ಬಹಳ ಕಾಲವಾಯಿತು. ನೀವು ಜೊತೆಗಿರುವಷ್ಟು ಹೊತ್ತು ಕಾರಿನಲ್ಲಿ ಮಲಗಿರುತ್ತೇನೆ. ಆಟ ಬೇಗ ಮುಗಿದರೂ ಎಬ್ಬಿಸಬೇಡಿ. ಅಣ್ಣ ತಮ್ಮ ಕೂತು ಇನ್ನೊಂದು ಚಹಾ ಕುಡಿಯಿರಿ.

ನಿಮ್ಮ ದಾರಿ ಕಾಯುತ್ತಿರುವ
ಸುಶೀಲಾ