ಕಂಬಳಿ ಕೆಳಗಿನ ಎಲಿ

ತಂಬೂರ ಬಾಜು, ಅಬ್ದುಲ್‌ಸಾಬರ ಗದ್ದಿ
ಫೆಬ್ರವರಿ ೧೮, ಬುಧವಾರ

ನನ್ನ ನಂದಾಗ,

ಮುಂಜಾನಿಂದ ಇದ ನಡದೈತಿ ನೋಡು. ನಾ ಬಡದ ರೊಟ್ಟಿ ಅಪ್ಪ ಒಲ್ಲೆ ಅಂತ ನಾಯಿಗಿ ಹಾಕಿದ. ಎರಡು ಮರಿ ಕಾಲುವಿಗಿ ಇಳದು ಮೈತುಂಬ ಕೆಸರು ಮಾಡಿಕೊಂಡು ಬಂದ್ವು. ಅದರಾಗ ನಿನ್ನ ಮೆಸೇಜು. ಹೆಣ್ಣು ಹುಟ್ಟೈತಂತ ನಿಮ್ಮಪ್ಪಗ ಕಂಬಳಿ ಹಾಸಾಕ ಮನಸಿಲ್ಲೇನು, ಅದಕ್ಕ ಬರಬ್ಯಾಡ ಅಂತೀಯೇನು ಅಂತ ಕೇಳಿದಿ. ಅದನ್ನ ಓದಿದಾಗಿಂದ ಒಂದ ಕಡೆ ಕುಂಡ್ರಾಕ ಆಗವಲ್ದು. ಬದುವಿನ ಮ್ಯಾಲೆ ಅಡ್ಡಾಡಕೋತ ಮಾತಾಡಾಕತ್ತೀನಿ, ಫೋನು ತಾನ ಬರಕೊಳ್ಳಾಕತ್ತೈತಿ. ಕಾಲ್ ಮಾಡಿದ್ರ ಇಲ್ಲಿ ಎರಡ ಮಾತಿಗೆ ಕಟ್ ಆಗತೈತಿ, ಅಷ್ಟರಾಗ ನೀನು ಸಿಟ್ಟಿಗೇಳತಿ.

ಮದ್ಲ ಒಂದು ಮಾತು. ಸೋಮವಾರ ಕೂಸಿನ್ನ ಎತಗೊಂಡು ಇಲ್ಲಿಗಿ ಬರಬ್ಯಾಡ. ನೀನು ಅತ್ರೂ ಬೈದ್ರೂ ನಾನು ಬರಾಕ ಬಿಡಾಂಗಿಲ್ಲ. ಯಾಕ ಅಂತ ಕೇಳು.

ನಮ್ಮ ಮನಿತನದಾಗ ಹೆಸರಿಡೂಕಿಂತ ಮದ್ಲ ಕೂಸಿನ್ನ ಕುರಿ ಹಟ್ಟ್ಯಾಗ ಅಜ್ಜ ಹಾಸಿದ ಕಂಬಳಿ ಮ್ಯಾಲೆ ಮಲಗಸ್ತಾರ. ನನ್ನೂ ಹಂಗ ಮಲಗಿಸಿದ್ರು. ಅಪ್ಪ ಎಷ್ಟು ಹಾದಿ ಕಾಯಾಕತ್ತಾನಂದ್ರ, ಗದ್ದ್ಯಾಗಿನ ಭತ್ತದ ಕೂಳಿ ಕೂಸಿನ ಬೆನ್ನಿಗಿ ಚುಚ್ಚತಾವ ಅಂತ ಶುಕ್ರವಾರ ತಾನ ಅಡವಿ ಅಂಚಿಗಿ ಹೋಗಿ ಒಣಗಿದ ಎಲಿ ಹೊರಿಗಟ್ಟಲೆ ಹೊತಗೊಂಡು ಬಂದ. ಒಂದೊಂದ ಕಡ್ಡಿ ಆರಿಸಿ ಒಗದು, ಎಲಿ ಮೆತ್ತಗ ಹರವಿ, ಮ್ಯಾಲ ಕಂಬಳಿ ಹಾಸಿದ. ಹೆಣ್ಣಂತ ಮುಖ ತಿರುವಿದವರು ಹಿಂಗ ಮಾಡತಾರೇನು, ನೀನ ಹೇಳು.

ಆದ್ರ ತಪ್ಪಾಗಿದ್ದು ಅಲ್ಲೇ. ನಮ್ಮ ಕುಂದಗೋಳ ಕಡೆ ಎರಿ ಹೊಲದಾಗ ಎಲ್ಲಿ ಬೇಕಲ್ಲಿ ಉರುಳಿ ಮಲಗಿದವರು ನಾವು. ಇಲ್ಲಿ ಅಡವಿ ಎಲಿಯೊಳಗ ಉಣ್ಣಿ ಇರತಾವ. ಕುರಿ ಕಿವ್ಯಾಗಿನ ದಪ್ಪ ಉಣ್ಣಿ ಅಲ್ಲ, ಸಾಸವಿಕಿಂತ ಸಣ್ಣವು, ಮೈಯೇರಿದ್ರ ಗೊತ್ತ ಆಗಾಂಗಿಲ್ಲ. ಹೋದ ವಾರ ಆಚೆ ತೋಪಿನ್ಯಾಗ ಒಂದು ಮಂಗ್ಯಾ ಸತ್ತು ಬಿದ್ದಿತ್ತು. ಯಾತರಿಂದ ಸತ್ತತಿ ಅನ್ನೋ ತಪಾಸಣಿ ವರದಿ ಇನ್ನೂ ಬಂದಿಲ್ಲ. ಆದ್ರ ನಿನ್ನೆ ಆಶಾ ಕೆಲಸದ ಮುಮತಾಜಕ್ಕ ಹಟ್ಟಿತನಕ ಬಂದು, ಉಣ್ಣಿ ಕಚ್ಚಿ ಮಂಗನ ಜ್ವರ ಬರೂದುಂಟು, ಸತ್ತ ಮಂಗ್ಯಾನ ಹತ್ರ ಸುಳೀಬ್ಯಾಡ್ರಿ, ಅಡವಿ ಎಲಿ ತರಬ್ಯಾಡ್ರಿ ಅಂತ ಹೇಳಿ, ಕೈಕಾಲಿಗಿ ಹಚ್ಚಾಕ ಎಣ್ಣಿ ಕೊಟ್ಟು ಹೋದ್ರು. ಅಪ್ಪ ಹೂಂ ಹೂಂ ಅಂದ, ಎಲಿ ಮಾತ್ರ ಅಲ್ಲೇ ಇದ್ವು.

ಇವತ್ತ ಹೊತ್ತ ಹೊಂಡೂಕ ನಾನು ಕಂಬಳಿ ಎತ್ತಿದೆ. ಹಾಸಿದ್ದನ್ನ ಕೂಸು ಮಲಗೂತನಕ ಎತ್ತಬಾರದು ಅಂತ ಅಪ್ಪ ಅಡ್ಡ ನಿಂತ. ನಾನು ಕೇಳಲಿಲ್ಲ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿ ಕಾಲಚೀಲದೊಳಗ ತುರುಕಿ, ಉದ್ದನ್ನ ಕೋಲಿಲೆ ಎಲಿ ಎಳದು ಗದ್ದಿ ನಡಬರಕ ಸುಟ್ಟೆ. ಕಂಬಳಿ ಬಿಸಲಿಗಿ ಹಗ್ಗದ ಮ್ಯಾಲೆ ಹಾಕಿದೆ. ರೊಟ್ಟಿ ನಾಯಿಗಿ ಹೋಗಿದ್ದು ಆಗ. ಗೊಬ್ಬರಕ್ಕಂತ ನಮ್ಮ ಕುರಿ ನಿಲ್ಲಿಸಿಕೊಂಡ ಅಬ್ದುಲ್‌ಸಾಬರು ನೋಡಿ, ಈ ನಾಯಿ ನಸೀಬು ಭಾಳ ಛಲೋ ಐತಿ ಅಮೋಘಸಿದ್ದಪ್ಪ ಅಂತ ಅಪ್ಪಗ ಅಂದ್ರು. ಅಪ್ಪ ನಗಲಿಲ್ಲ. ಅವರ ಎರಡು ಹೊರಸು ಕಳಿಸಿಕೊಟ್ರು, ಇನ್ನ ನೆಲದ ಮ್ಯಾಲೆ ಮಲಗಬ್ಯಾಡ್ರಿ ಅಂತ.

ಸಂಜಿಗಿ ಬಿಸಿನೀರು ಕಾಸಿ, ಅಪ್ಪಗ ಅಂಗಿ ಬಿಚ್ಚು ಅಂದೆ. ಬ್ಯಾಟರಿ ಬಿಟ್ಟು ಕಿವಿ ಹಿಂದ, ಕಂಕಳ, ಮೊಣಕಾಲ ಸಂದಿ ಎಲ್ಲಾ ನೋಡಾಕ ಹತ್ತಿದೆ. ರೊಟ್ಟಿ ನಾಯಿಗಿ ಹಾಕಿದ ಮ್ಯಾಲೆ ಅಪ್ಪ ಬಾಯಿ ಬಿಟ್ಟಿದ್ದು ಆಗ.

“ಸಂತ್ಯಾಗ ಎಷ್ಟಕ್ಕ ಮಾರತೀಯಲೇ ನನ್ನ?”

ನಡದ ಹತ್ರ ಉಡದಾರದ ಕೆಳಗ ಒಂದು ಸಿಕ್ತು. ಕುರಿ ಉಣ್ಣಿ ಕಿತ್ತು ಉಗರಾಗ ಒಡದು ರೂಢಿ ನೋಡು, ಕೈ ಹಾಕಾಕ ಬಂದ. ಕೈ ಹಿಡಕೊಂಡೆ. ಚಿಮಟಿಗಿಲೆ ಚರ್ಮದ ಬುಡಕ್ಕ ಹಿಡದು ನೆಟ್ಟಗ ಎಳದು, ಸಾಬಾಣದ ನೀರಾಗ ಹಾಕಿ, ಜಾಗಾ ತೊಳದೆ. ಅಪ್ಪ ಆ ಬಟ್ಟಲಾ ಕಣ್ಣಿಗಿ ಹತ್ರ ಹಿಡದು, ದೂರ ಹಿಡದು ನೋಡಿದ. ಅವನಿಗಿ ಕಾಣಲಿಲ್ಲ.

“ಇದು ಕೂಸಿನ ಕಿವ್ಯಾಗ ಹೊಕ್ಕಿದ್ರ ನನಗೆಲ್ಲಿ ಕಾಣತಿತ್ತೋ, ಬೀರಲಿಂಗ” ಅಂದ.

ಬಟ್ಟಲಾ ಕೆಳಗಿಟ್ಟ. ಆಮ್ಯಾಲೆ, ಕೂಸು ಇಲ್ಲಿ ಬರೂದು ಬ್ಯಾಡ, ನಾನ ಸಂಶಿಗಿ ನಿನ್ನ ತವರಮನಿಗಿ ಹೋಗತೀನಿ ಅಂದ. ಈ ಕಂಬಳಿ ತರಾಂಗಿಲ್ಲ, ಅಲ್ಲೇ ಪ್ಯಾಟ್ಯಾಗ ಹೊಸಾದು ತಗೋತಾನಂತ. ಕಂಬಳಿ ಯಾವುದಾದ್ರೇನು, ಹಾಸೂ ಕೈ ನಂದಿರಬೇಕು ಅಂದ. ಸ್ವಂತ ತಂಗಿ ಲಗ್ನಕ್ಕೂ ಕುರಿ ಬಿಟ್ಟು ಹೋಗಲಾರದ ಮನಷ್ಯಾ ಅಂವ.

ಸೋಮವಾರ ಅಪ್ಪ ಬಂದಕೂಡ್ಲೆ ಕೂಸಿನ್ನ ಕೈಗಿ ಕೊಡಬ್ಯಾಡ. ಮದ್ಲ ಜಳಕಾ ಮಾಡಸು, ಉಟ್ಟಬಟ್ಟಿ ಬಿಸಿನೀರಾಗ ಹಾಕು. ಅವಗ ಮೈ ಬೆಚ್ಚಗಾದ್ರ ತಡಾ ಮಾಡಲಾರದ ದವಾಖಾನಿಗಿ ಕರಕೊಂಡು ಹೋಗು, ಉಣ್ಣಿ ಕಚ್ಚೈತಿ ಅಂತ ಮದ್ಲ ಹೇಳು. ನಾನು ಯಾಕ ಬರಾಂಗಿಲ್ಲ ಅಂತ ಕೇಳತಿ. ಇಬ್ರೂ ಬಂದ್ರ ಕುರಿ ಯಾರು ನೋಡಬೇಕು?

ನಿಮ್ಮವ್ವಗೂ ಇದನ್ನ ಓದಿ ಹೇಳು. ಕೂಸಿನ ಅಂಗಾಲಿಗಿ ನನ್ನದೊಂದು ಮುತ್ತು.

ನಿನ್ನ
ಬೀರಲಿಂಗ

ತಾ.ಕ.: ಬದುವಿನ ಮ್ಯಾಲೆ ಅಡ್ಡಾಡಾಕತ್ತೀನಿ ಅಂದಿದ್ದು ಸುಳ್ಳು. ಹೊರಸಿನ ಮ್ಯಾಲೆ ಕೌದಿ ಹೊದ್ದು ಮಲಗೀನಿ. ಅಬ್ದುಲ್‌ಸಾಬರ ತಮ್ಮ ಸಲೀಮ್ ಫೋನು ಒಯ್ದು ಬದುವಿನ ಮ್ಯಾಲೆ ಹಿಡದ್ರ ಇದು ನಿನಗ ಮುಟ್ಟತೈತಿ. ಸೋಮವಾರ ಕುರಿ ಕಾಯಾಂವನೂ ಅವನ. ಶುಕ್ರವಾರ ಅಪ್ಪ ಮಲಗಿದ ಮ್ಯಾಲ, ಎಲಿ ಮೆತ್ತಗ ಅದಾವೇನಂತ ಕೂಸಿನ ಜಾಗಾದಾಗ ನಾನು ಬೆಳತನಕ ಮಲಗಿ ನೋಡಿದೆ. ಅಗದಿ ಮೆತ್ತಗಿದ್ವು. ಮೊಣಕಾಲ ಹಿಂದ ಒಂದು ಹತ್ತಿತ್ತು, ನಿನ್ನೆ ಕಿತ್ತು ಒಗದೆ. ಇವತ್ತ ಮಧ್ಯಾಹ್ನದಿಂದ ಜ್ವರ. ಜ್ವರ ಅಪ್ಪಗ ಗೊತ್ತೈತಿ, ಅಂವ ತಂದ ಎಲಿ ಮ್ಯಾಲೆ ನಾನು ಮಲಗಿದ್ದು ಗೊತ್ತಿಲ್ಲ. ನೀನೂ ಬಾಯಿ ಬಿಡಬ್ಯಾಡ, ಅಂವ ನೆಮ್ಮದಿಲೆ ಕಂಬಳಿ ಹಾಸಲಿ. ಇದು ಮನಷ್ಯಾರಿಂದ ಮನಷ್ಯಾರಿಗಿ ಹತ್ತಾಂಗಿಲ್ಲಂತ, ಆದ್ರೂ ನೀನು ಬಸ್ ಹತ್ತಬ್ಯಾಡ. ನಾಳೆ ಮುಂಜಾನಿ ಮುಮತಾಜಕ್ಕನ ಜೋಡಿ ಹೋಗಿ ರಕ್ತ ಕೊಟ್ಟು ಬರತೀನಿ. ದವಾಖಾನಿ ಮುಂದ ರೇಂಜ್ ಛಲೋ ಇರತೈತಿ. ಹನ್ನೊಂದಕ್ಕ ಫೋನು ಮಾಡತೀನಿ, ಕೂಸಿನ್ನ ಬಾಜುಕ ಇಟ್ಟುಕೊಂಡು ಎತ್ತು.