ಮುದಿ ರಾಜನಿಗೆ ಒಂದು ಲೋಟ ನೀರು

ಏನ್ರೀ, ಇದ್ದಾಗಲೇ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದವರು ಹೋದಮೇಲೆ ಕಾಗದ ಓದುತ್ತೀರೆಂಬ ಭ್ರಮೆ ನನಗಿಲ್ಲ. ಆದರೂ ಬರೆಯುತ್ತೇನೆ. ಅಕ್ಷರ ನೋಡಿ ನಗಬೇಡಿ.

ಮೊಮ್ಮಗಳು ನಾಟಕ ಬರೆದಿದ್ದಾಳೆ. ಗ್ರೀಕರ ಹಳೇ ಯುದ್ಧದ ಕಥೆಯಂತೆ. ಗಂಡಸರು ಕಾದಾಡಿದ್ದನ್ನು ಹೆಂಗಸರು ಹೇಳುತ್ತಾರೆ. ಇವತ್ತು ತಾಲೀಮಿಗೆ ನನ್ನನ್ನೂ ಕರೆದೊಯ್ದಿದ್ದಳು. ಮಗನನ್ನು ಕೊಂದವನ ಡೇರೆಗೇ ಮುದಿ ರಾಜ ಹೋಗಿ, ಕೈಮುಗಿದು, ಹೆಣ ಬೇಡಿ ತರುತ್ತಾನೆ. ಗಾಡಿ ಬಾಗಿಲಿಗೆ ಬಂದದ್ದೇ ತಡ, ರಾಣಿ ಓಡಿಬಂದು ಮಗನ ಮೇಲೆ ಬಿದ್ದು ಅಳುತ್ತಾಳೆ. ರಾಜ ಪಕ್ಕದಲ್ಲಿ ನೆಟ್ಟ ಕಂಬದ ಹಾಗೆ ನಿಂತೇ ಇದ್ದ.

"ಹೇಗಿತ್ತಜ್ಜೀ?" ಎಂದಳು.

"ಅಳು ಚೆನ್ನಾಗಿದೆ ಕಣೇ. ಆ ಮುದುಕನಿಗೆ ನೀರು ಕೊಟ್ಟೋರು ಯಾರು?"

"ಕಥೇಲಿ ಅದೆಲ್ಲ ಇಲ್ಲಜ್ಜೀ."

"ಹೆಂಗಸರು ಹೇಳೋ ಕಥೆ ಅಂತೀಯ, ಅಷ್ಟೂ ಇಲ್ವಾ? ಸುಡು ನಿನ್ನ ನಾಟಕಾನ!"

ನೀವು ಒಬ್ಬರೇ ಗಡಿಗೆ ಹೋಗಿ ನಮ್ಮ ಮಗನನ್ನು ತಂದಾಗ ಅವಳಿನ್ನೂ ಹುಟ್ಟಿರಲಿಲ್ಲ. ಅಲ್ಲಿ ಯಾರ್ಯಾರ ಮುಂದೆ ಕೈಮುಗಿದಿರೋ, ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ನಾನು ಒಳಗೆ ಅವನ ಮೇಲೆ ಬಿದ್ದು ಅಳುತ್ತಿದ್ದರೆ, ನೀವು ನಮ್ಮ ಮನೆ ಹೊಸ್ತಿಲಾಚೆ ಚಪ್ಪಲಿ ಸಹ ಬಿಡದೆ ಸಂಜೆಯವರೆಗೂ ನಿಂತಿದ್ದಿರಂತೆ. ಆಮೇಲೆ ನೆರೆಮನೆಯವಳು ಹೇಳಿದ್ದು.

ಮೊಮ್ಮಗಳು ಆ ದೃಶ್ಯವನ್ನು ಮತ್ತೆ ಆಡಿಸಿದಳು. ಈ ಸಲ ರಾಣಿ ಅಳುತ್ತಲೇ ಎದ್ದುಹೋಗಿ ಒಂದು ಲೋಟ ನೀರು ತಂದಳು. ರಾಜನ ಪಾತ್ರದವನು ಗಟಗಟ ಕುಡಿದು, ಖಾಲಿ ಲೋಟವನ್ನು ಇನ್ನೊಮ್ಮೆ ಚಾಚಿದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟು ಬಾಯಾರಿರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ ಕಣ್ರೀ.